ಗ್ಯಾರೇಜಿನ ಕ್ಲೇ ಡ್ರಮ್ಮು ಕೈಕೊಟ್ಟಾಗ: ಮಣ್ಣು ಬದಲಿಸುವ ಮೊದಲು ಏನು ನೋಡಬೇಕು

“ಸರ್, ಮಣ್ಣು ಸತ್ತು ಹೋಗ್ಯಾದ್ರಿ. ಹೊಸಾ ಚೀಲ ತರಸ್ಲೇನ್ರಿ?”

ಕಲಬುರಗಿಯಿಂದ ಶಹಾಬಾದ್ ಕಡೆಗೆ ಹೋಗುವ ದಾರಿಯಲ್ಲಿ ಲಾರಿ ತೊಳೆಯುವ ಒಂದು ಗ್ಯಾರೇಜಿನ ಉಸ್ತಾದರು ಫೋನ್ ಮಾಡಿದರೆ ಮೊದಲ ಮಾತು ಇದೇ. ಹೋಗಿ ನೋಡಿದರೆ ಹೆಚ್ಚಿನ ಸಲ ಮಣ್ಣು ಬದುಕಿಯೇ ಇರುತ್ತದೆ. ಕೆಟ್ಟಿರುವುದು ಅದಕ್ಕೆ ಬರುತ್ತಿರುವ ನೀರು. ಹೊಸ ಚೀಲ ಹಾಕಿದರೆ ನಾಲ್ಕು ದಿನ ಚೆನ್ನಾಗಿ ನಡೆದು ಮತ್ತೆ ಅದೇ ಫೋನು. ದುಡ್ಡು ದಂಡ.

ಗಾಡಿ ತೊಳೆದ ಎಣ್ಣೆ ನೀರನ್ನು ಕ್ಲೇ ಡ್ರಮ್ಮಿನಲ್ಲಿ, ಅಂದರೆ ಎಣ್ಣೆ ಹಿಡಿಯುವ ಮಣ್ಣು ತುಂಬಿದ ಡ್ರಮ್ಮಿನಲ್ಲಿ, ಸೋಸುವ ಸಣ್ಣ ಘಟಕಗಳಿಗಾಗಿ ಇದನ್ನು ಬರೆದಿದ್ದೇನೆ. ಸಾಮಾನ್ಯವಾಗಿ ವ್ಯವಸ್ಥೆ ಹೀಗಿರುತ್ತದೆ: ತೊಳೆಯುವ ಕಟ್ಟೆಯಿಂದ ನೀರು ಮೊದಲು ಹೂಳಿನ ಗುಂಡಿಗೆ ಬರುತ್ತದೆ. ಅಲ್ಲಿಂದ ಮೂರು ಕೋಣೆಯ ತೊಟ್ಟಿಗೆ. ಅಲ್ಲಿ ಎಣ್ಣೆ ಮೇಲೆ ತೇಲಿ ನಿಲ್ಲುತ್ತದೆ, ಕೆಳಗಿನ ನೀರನ್ನು ಮೋಟರು ಕ್ಲೇ ಡ್ರಮ್ಮಿಗೆ ತಳ್ಳುತ್ತದೆ. ಆಮೇಲೆ ಕಾರ್ಬನ್ ಡ್ರಮ್ಮು, ಆಮೇಲೆ ಚರಂಡಿ. ನಿಮ್ಮಲ್ಲಿ ಒಂದೆರಡು ಹಂತ ಹೆಚ್ಚು ಕಡಿಮೆ ಇರಬಹುದು, ಲೆಕ್ಕ ಅದೇ.

ಬೀದರಿನ ಕೊಳಾರ, ಯಾದಗಿರಿಯ ಕಡೇಚೂರಿನಂಥ ಕಡೆ ಇರುವ ಔಷಧಿ, ರಾಸಾಯನಿಕ ಘಟಕಗಳ ನೀರಿಗೆ ಇದು ಅನ್ವಯಿಸುವುದಿಲ್ಲ. ಆ ನೀರಿನಲ್ಲಿ ದ್ರಾವಕಗಳು ಇರುತ್ತವೆ. ಅದನ್ನು ಮುಟ್ಟಲು ಬೇರೆ ತರಬೇತಿ ಬೇಕು.

ಈ ಮಣ್ಣು ಏನು ಮಾಡುತ್ತದೆ

ಎರೆ ಹೊಲ ನೋಡಿದವರಿಗೆ ಅರ್ಧ ವಿಷಯ ಗೊತ್ತೇ ಇದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಹೋಗುತ್ತದೆ. ಜೂನ್‌ನಲ್ಲಿ ಎರಡು ಮಳೆ ಬಿದ್ದರೆ ಬಿರುಕು ಮುಚ್ಚಿಕೊಂಡು, ಚಪ್ಪಲಿ ಕಿತ್ತಿಟ್ಟುಕೊಳ್ಳುವ ಕೆಸರಾಗುತ್ತದೆ. ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜದ ಆಟ ಅದು. ಹಳೇ ಲೆಕ್ಕದ ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುತ್ತದೆ. ನಡುವೆ ನೀರು ಹೊಕ್ಕರೆ ಉಬ್ಬುತ್ತದೆ. ಬೆಂಟೊನೈಟ್ ಅಂತ ಮಾರುವ ಮಣ್ಣಿನಲ್ಲಿ ಬಹುಪಾಲು ಇದೇ ಖನಿಜ.

ಪದರಗಳ ಮೇಲೆ ಮೈನಸ್ ಚಾರ್ಜ್ ಇರುತ್ತದೆ. ಅದಕ್ಕೆ ಅಂಟಿಕೊಂಡು ಸೋಡಿಯಂ, ಕ್ಯಾಲ್ಸಿಯಂ ಕೂತಿರುತ್ತವೆ. ಕಾರ್ಖಾನೆಯಲ್ಲಿ ಇವನ್ನು ಎಬ್ಬಿಸಿ, ಆ ಜಾಗದಲ್ಲಿ ಉದ್ದ ಬಾಲದ ಕ್ವಾಟರ್ನರಿ ಅಮೋನಿಯಂ ಅನ್ನುವ ರಾಸಾಯನಿಕವನ್ನು ಕೂರಿಸುತ್ತಾರೆ. ಅದರ ತಲೆಯಲ್ಲಿ ಪ್ಲಸ್ ಚಾರ್ಜ್, ಅದು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಬಾಲ 16 ಅಥವಾ 18 ಇಂಗಾಲದ ಸರಪಳಿ, ಅದು ಎಣ್ಣೆಯ ಜಾತಿ. ನೀರು ಕಂಡರೆ ಉಬ್ಬುತ್ತಿದ್ದ ಮಣ್ಣು ಈಗ ನೀರನ್ನು ದೂರವಿಟ್ಟು ಎಣ್ಣೆಯನ್ನು ಒಳಗೆ ಕರೆಯುತ್ತದೆ. ಇದೇ ಆರ್ಗಾನೋಕ್ಲೇ. ಗ್ಯಾರೇಜಿನಲ್ಲಿ ಬರೀ ಕ್ಲೇ ಅಂತಾರೆ.

ಹೊಲದ ಎರೆ ಮಣ್ಣನ್ನೇ ಡ್ರಮ್ಮಿಗೆ ತುಂಬಬಾರದೇ ಅಂತ ಎಲ್ಲರೂ ಒಮ್ಮೆ ಕೇಳುತ್ತಾರೆ. ಆಗಲ್ಲ. ಅದು ಉಬ್ಬಿ ನೀರಿನ ದಾರಿಯನ್ನೇ ಮುಚ್ಚುತ್ತದೆ, ಎಣ್ಣೆಯನ್ನೂ ಹಿಡಿಯಲ್ಲ. ಕ್ಲೇ ಕೂಡ ಎಣ್ಣೆ ಕುಡಿದು ಉಬ್ಬುತ್ತದೆ. ಅದಕ್ಕೇ ಸಾಮಾನ್ಯವಾಗಿ ಮೂರು ಪಾಲು ಕ್ಲೇಗೆ ಏಳು ಪಾಲು ಆಂಥ್ರಸೈಟ್ ಕಲ್ಲಿದ್ದಲಿನ ಹರಳು ಬೆರೆಸಿರುತ್ತಾರೆ. ಹರಳಿನ ಸಂದಿಯಲ್ಲಿ ನೀರು ಹರಿಯುತ್ತದೆ.

ಕೈ ಹಾಕುವ ಮೊದಲು

ಯಾವ ತೊಟ್ಟಿಗೂ, ಗುಂಡಿಗೂ ಇಳಿಯಬೇಡಿ. ಮೊಣಕಾಲುದ್ದದ ಗುಂಡಿ ಅಂತ ಸಸಾರ ಬೇಡ. ಪೆಟ್ರೋಲಿನ ಆವಿಯೂ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡೂ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗು ಮರಗಟ್ಟುತ್ತದೆ. ವಾಸನೆ ನಿಂತಿತು ಅಂದರೆ ಅಪಾಯ ಹೋಯಿತು ಅಂತಲ್ಲ.

ಮೋಟರಿನ ಮೇನ್ ಸ್ವಿಚ್ ಆಫ್ ಮಾಡಿ, ಒಬ್ಬರನ್ನು ಅಲ್ಲೇ ನಿಲ್ಲಿಸಿ. ಡ್ರಮ್ಮಿನ ಒತ್ತಡ ಸೊನ್ನೆಗೆ ಇಳಿದ ಮೇಲೆ ಮುಚ್ಚಳ ಬಿಚ್ಚಿ. ಹತ್ತಿರ ಬೀಡಿ, ವೆಲ್ಡಿಂಗ್ ಎರಡೂ ಬೇಡ. ಒಣ ಕ್ಲೇ ಸುರಿಯುವಾಗ ಧೂಳಿನ ಮಾಸ್ಕ್, ಕನ್ನಡಕ, ರಬ್ಬರ್ ಕೈಗವಸು ಬೇಕು. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಕಣ್ಣಿಗೂ ಚರ್ಮಕ್ಕೂ ಉರಿ.

ಲಕ್ಷಣ 1: ಹೊರಬರುವ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ

ಹೆಚ್ಚು ಫೋನು ಬರುವುದು ಇದಕ್ಕೆ. ಇದಕ್ಕೆ ಕಾರಣಗಳೂ ಜಾಸ್ತಿ.

ಮೊದಲ ಪರೀಕ್ಷೆಗೆ ಒಂದು ಕಡ್ಡಿ ಸಾಕು. ಪೊರೆಯನ್ನು ಕಡ್ಡಿಯಿಂದ ಸೀಳಿ. ಎಣ್ಣೆಯಾದರೆ ಸೀಳಿದ ಜಾಗ ತಕ್ಷಣ ಕೂಡಿಕೊಳ್ಳುತ್ತದೆ. ಒಡೆದ ಗಾಜಿನ ಹಾಗೆ ಚೂರು ಚೂರಾಗಿ ಹಾಗೇ ನಿಂತರೆ ಅದು ಎಣ್ಣೆಯಲ್ಲ, ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಬೋರ್‌ವೆಲ್ ನೀರು ನಿಂತ ಕಡೆ ಇದು ಆಗುತ್ತದೆ. ಒಂದು ಸಲ ಬರೀ ಇದನ್ನು ನೋಡಿ ಚೀಲಗಟ್ಟಲೆ ಕ್ಲೇ ತೆಗೆದು ಎಸೆದಿದ್ದರು. ನಾನು ಹೋಗುವಷ್ಟರಲ್ಲಿ ಹೊಸ ಚೀಲದ ಬಾಯಿಯೂ ಬಿಚ್ಚಿಯಾಗಿತ್ತು.

ಎಣ್ಣೆಯೇ ಅಂತ ಖಾತ್ರಿಯಾದರೆ ಡ್ರಮ್ಮನ್ನು ಬಿಟ್ಟು ತೊಟ್ಟಿಯ ಹತ್ತಿರ ಹೋಗಿ. ಮೂರನೇ ಕೋಣೆಯ ಮೇಲೆ ಎಣ್ಣೆ ತೇಲುತ್ತಿದೆಯೇ? ಅಲ್ಲಿ ತೇಲುವ ಎಣ್ಣೆ ಇರಲೇಬಾರದು. ಇದ್ದರೆ ಮೊದಲ ಕೋಣೆಯ ಎಣ್ಣೆ ಬಹಳ ದಿನದಿಂದ ತೆಗೆದಿಲ್ಲ, ಇಲ್ಲವೇ ಕೋಣೆಗಳ ನಡುವಿನ ಬಗ್ಗು ಪೈಪು ಕಳಚಿದೆ. ಆ ಪೈಪು ತಳದ ನೀರನ್ನು ಮಾತ್ರ ಮುಂದೆ ಬಿಡಬೇಕು. ಅದು ಕಳಚಿದರೆ ಮೇಲಿನ ಎಣ್ಣೆಯೇ ನೇರ ಹೋಗುತ್ತದೆ. ಒಂದು ಎಲ್ಬೋ ಪೈಪಿನ ಬೆಲೆ ಎಷ್ಟು, ಒಂದು ಚೀಲ ಕ್ಲೇ ಬೆಲೆ ಎಷ್ಟು, ನೀವೇ ಲೆಕ್ಕ ಹಾಕಿ.

ಇನ್ನೊಂದು ಲೆಕ್ಕ ನೋಡಿ. ಡ್ರಮ್ಮಿನಲ್ಲಿ 30 ಕಿಲೋ ಕ್ಲೇ ಇದೆ ಅನ್ನಿ. ತನ್ನ ತೂಕದ ಅರ್ಧದಷ್ಟು ಎಣ್ಣೆ ಹಿಡಿಯುತ್ತದೆ ಅಂತ ಮಾರುವವರು ಹೇಳುತ್ತಾರೆ. ನಮ್ಮ ಕೊಳಕು ನೀರಿಗೆ ನಾನು ಕಾಲು ಭಾಗ ಅಂತ ಹಿಡಿಯುತ್ತೇನೆ. ಅಂದರೆ ಏಳೂವರೆ ಕಿಲೋ ಎಣ್ಣೆ. ದಿನಕ್ಕೆ 2000 ಲೀಟರ್ ನೀರು, ಲೀಟರಿಗೆ 100 ಮಿಲಿಗ್ರಾಂ ಎಣ್ಣೆ ಬಂದರೆ ದಿನಕ್ಕೆ 200 ಗ್ರಾಂ. ಸುಮಾರು 37 ದಿನ ನಡೆಯಬೇಕು. ಈಗ ಹುಡುಗರು ಎರಡು ಲೀಟರ್ ಡೀಸೆಲಿನಲ್ಲಿ ಬೇರಿಂಗ್ ತೊಳೆದು ಅದನ್ನು ಕಟ್ಟೆಯ ಮೇಲೇ ಚೆಲ್ಲಿದರು ಅನ್ನಿ. ಅದು 1.7 ಕಿಲೋ. ತೊಟ್ಟಿ ಅದನ್ನು ತಡೆಯದೇ ಹೋದರೆ ಎಂಟು ದಿನದ ಆಯುಷ್ಯ ಒಂದೇ ಮಧ್ಯಾಹ್ನ ಮುಗಿಯಿತು. ಡೀಸೆಲ್ ತೊಳೆಯಲು ಬೇರೆ ತಟ್ಟೆ ಇಡಿ. ಅದನ್ನು ಮೂರ್ನಾಲ್ಕು ಸಲ ಬಳಸಬಹುದು, ಆಮೇಲೆ ಹಳೇ ಆಯಿಲ್ ಡಬ್ಬಕ್ಕೆ ಹಾಕಿ.

ತೊಟ್ಟಿ ಸರಿ ಇದ್ದರೆ ನೀರಿನ ವೇಗ ನೋಡಿ. ನೀರು ಕ್ಲೇ ಜೊತೆ ಹತ್ತು ನಿಮಿಷವಾದರೂ ಇರಬೇಕು. 200 ಲೀಟರ್ ಡ್ರಮ್ಮಿನಲ್ಲಿ 120 ಲೀಟರಿನಷ್ಟು ಕ್ಲೇ ಮಿಶ್ರಣ ತುಂಬಿದ್ದರೆ ನಿಮಿಷಕ್ಕೆ 12 ಲೀಟರ್ ಮೀರಬಾರದು. ಹೊರ ಪೈಪಿನ ಕೆಳಗೆ 20 ಲೀಟರಿನ ಬಕೆಟ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿ. ತುಂಬಲು 100 ಸೆಕೆಂಡ್ ಬೇಕು. ಮೂವತ್ತೇ ಸೆಕೆಂಡಿಗೆ ತುಂಬಿದರೆ ನೀರು ಮೂರು ನಿಮಿಷದಲ್ಲಿ ಓಡಿ ಹೋಗುತ್ತಿದೆ. ಸಂಜೆ ಬೇಗ ಮನೆಗೆ ಹೋಗಬೇಕು ಅಂತ ಯಾರೋ ವಾಲ್ವ್ ಪೂರಾ ತಿರುಗಿಸಿರುತ್ತಾರೆ. ಅಷ್ಟೇ ವಿಷಯ. ವಾಲ್ವ್ ತಿರುಗಿಸಿ ಸರಿ ಮಾಡಿ, ಆ ಜಾಗಕ್ಕೆ ಪೇಂಟಿನಲ್ಲಿ ಗೆರೆ ಎಳೆಯಿರಿ.

ವೇಗವೂ ಸರಿ ಇದ್ದರೆ ಈಗ ಮುಚ್ಚಳ ಬಿಚ್ಚಿ. ಕ್ಲೇ ಮೇಲ್ಮೈ ಸಮ ಇರಬೇಕು. ಡ್ರಮ್ಮಿನ ಗೋಡೆಗೆ ಹತ್ತಿಕೊಂಡು ಹಳ್ಳ ಬಿದ್ದಿದ್ದರೆ, ಇಲ್ಲವೇ ನಡುವೆ ಇಲಿ ಬಿಲದಂಥ ತೂತು ಇದ್ದರೆ ನೀರು ಅದೇ ಅಡ್ಡದಾರಿ ಹಿಡಿದಿದೆ. ಕೈಗವಸು ಹಾಕಿ, ಮರದ ಕೋಲಿನಿಂದ ಕೆದಕಿ ಸಮ ಮಾಡಿ. ನೀರು ಬೀಳುವ ಬಾಯಿಗೆ ತೂತಿನ ತಟ್ಟೆ ಕಟ್ಟಿದರೆ ಮತ್ತೆ ಹಳ್ಳ ಬೀಳಲ್ಲ.

ಇದೆಲ್ಲ ಆದ ಮೇಲೂ ಪೊರೆ ಬಂದರೆ, ಹೌದು, ಮಣ್ಣು ತುಂಬಿದೆ. ಒಂದು ಹಿಡಿ ತೆಗೆದು ಹಿಚುಕಿ ನೋಡಿ. ಕೆಳಗಿನ ಪದರದ ಕ್ಲೇ ಕೂಡ ಬೆರಳಿಗೆ ಗ್ರೀಸಿನ ಹಾಗೆ ಜಾರಿದರೆ ಬದಲಿಸುವ ಕಾಲ. ಮೇಲಿನ ನಾಲ್ಕು ಬೆರಳು ಮಾತ್ರ ಕಪ್ಪಾಗಿದ್ದರೆ ಅಷ್ಟನ್ನೇ ತೆಗೆದು ಹೊಸದು ಹಾಕಿ. ತುಂಬಿದ ಕ್ಲೇಯನ್ನು ಬಿಸಿ ನೀರಿನಲ್ಲಿ ತೊಳೆದು ಮತ್ತೆ ಬಳಸಲು ಹೋಗಬೇಡಿ. ಒಳಗೆ ಹೋದ ಎಣ್ಣೆ ಬಿಡಲ್ಲ. ಬಿಸಿಲಿಗೆ, ಬೆಂಕಿಗೆ ಇಟ್ಟು ಒಣಗಿಸುವುದಂತೂ ಅಪಾಯ.

ಲಕ್ಷಣ 2: ನೀರು ಹಾಲಿನ ಹಾಗೆ, ಎಷ್ಟು ಹೊತ್ತಾದರೂ ತಿಳಿಯಾಗಲ್ಲ

ತೊಟ್ಟಿಯ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ತುಂಬಿ ರಾತ್ರಿ ಹಾಗೇ ಇಡಿ. ನಾನು ಹೋದಲ್ಲೆಲ್ಲ ಕಿಟಕಿಯಲ್ಲಿ ಇಂಥ ನಾಲ್ಕು ಬಾಟಲಿ ಸಾಲಾಗಿ ಇಡಿಸುತ್ತೇನೆ, ದಿನಕ್ಕೊಂದು. ಬೆಳಗ್ಗೆ ಮೇಲೆ ಎಣ್ಣೆ, ಕೆಳಗೆ ಹೂಳು, ನಡುವೆ ತಿಳಿ ನೀರು ಇದ್ದರೆ ತೊಂದರೆ ಇಲ್ಲ. ಬೆಳಗ್ಗೆಯೂ ಬಿಳಿಚಿಕೊಂಡೇ ಇದ್ದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ ನೀರಿನಲ್ಲಿ ಸಿಕ್ಕಿಕೊಂಡಿದೆ. ಸಣ್ಣ ಪ್ರಮಾಣದಲ್ಲಿ ಬಂದರೆ ಕ್ಲೇ ಅದನ್ನೂ ಹಿಡಿಯುತ್ತದೆ. ಹೀಗೆ ಹಾಲಾಗಿ ಬಂದರೆ ಅದಕ್ಕೆ ಮೀರಿದ್ದು.

ಕಾರಣ ಎರಡು. ಒಂದು, ಶಾಂಪೂ, ಸಾಬೂನು ಪುಡಿ ಜಾಸ್ತಿ. ಬಟ್ಟೆ ತೊಳೆಯುವ ಪುಡಿ ಹಾಕುವ ಗ್ಯಾರೇಜುಗಳಲ್ಲಿ ಇದು ಖಾಯಂ. ಅದರಲ್ಲಿರುವ ಮೈನಸ್ ಚಾರ್ಜಿನ ಸೋಪು ಕ್ಲೇಯಲ್ಲಿ ಕೂತ ರಾಸಾಯನಿಕದ ಪ್ಲಸ್ ಚಾರ್ಜಿನ ತಲೆಯ ಜೊತೆಗೂ ಜಗಳಕ್ಕೆ ಬೀಳುತ್ತದೆ. ಎರಡು, ನೀರು ಕ್ಷಾರವಾಗಿದೆ.

ಕ್ಷಾರ ನೋಡಲು ಪಿಎಚ್ ಪಟ್ಟಿ ಇದ್ದರೆ ಸರಿ. ಇಲ್ಲದಿದ್ದರೆ ಅಡುಗೆ ಮನೆಯ ಅರಿಶಿನ ಸಾಕು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು, ಅಲ್ವಾ? ಬಿಳಿ ಕಾಗದಕ್ಕೆ ಅರಿಶಿನ ನೀರು ಬಳಿದು ಒಣಗಿಸಿ, ಮೇಲೆ ತೊಟ್ಟಿಯ ನೀರಿನ ಒಂದು ಹನಿ ಬಿಡಿ. ಹಳದಿಯೇ ಉಳಿದರೆ ಚಿಂತೆ ಇಲ್ಲ. ಕೆಂಪಾದರೆ ಪಿಎಚ್ ಹೆಚ್ಚುಕಡಿಮೆ ಎಂಟೂವರೆ ದಾಟಿದೆ. ಅಲ್ಲಿಂದ ಮುಂದೆ ನಿಜವಾದ ಪಟ್ಟಿ ತಂದು ಅಳೆಯಿರಿ, ಯಾಕೆಂದರೆ ಒಂಬತ್ತಕ್ಕೂ ಹನ್ನೆರಡಕ್ಕೂ ಅರಿಶಿನ ಕೆಂಪೇ.

ಪರಿಹಾರ ಮೊದಲು ಕಟ್ಟೆಯ ಮೇಲೆ. ಸಾಬೂನು ಅರ್ಧಕ್ಕೆ ಇಳಿಸಿ, ಮೂರು ದಿನ ಬಾಟಲಿ ನೋಡಿ. ಸರಿಹೋಗದಿದ್ದರೆ ಆಲಂ, ಅಂದರೆ ಪಟಿಕ. ಹತ್ತು ಗ್ರಾಂ ಆಲಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಒಂದೊಂದು ಲೀಟರ್ ತೊಟ್ಟಿ ನೀರಿನ ನಾಲ್ಕು ಬಾಟಲಿ ತಗೊಂಡು 5, 10, 20, 30 ಮಿಲಿ ಹಾಕಿ. ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಮೆಲ್ಲಗೆ ತಿರುಗಿಸಿ ಅರ್ಧ ಗಂಟೆ ಬಿಡಿ. ಯಾವುದು ಕಡಿಮೆ ಆಲಂನಲ್ಲಿ ತಿಳಿಯಾಯಿತೋ ಅದೇ ನಿಮ್ಮ ಅಳತೆ. 10 ಮಿಲಿ ಅಂದರೆ ಲೀಟರಿಗೆ 100 ಮಿಲಿಗ್ರಾಂ. ಆಲಂ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ ಆರು, ಏಳರ ಹತ್ತಿರ. ನೀರು ಹನ್ನೊಂದರಲ್ಲಿದ್ದರೆ ಎಷ್ಟು ಸುರಿದರೂ ದಂಡ. ಬಾಟಲಿಯಲ್ಲಿ ಗೆದ್ದ ಮೇಲೇ ತೊಟ್ಟಿಗೆ ಹಾಕಿ, ಕೆಳಗೆ ಕೂತ ಕೆಸರು ಡ್ರಮ್ಮಿಗೆ ಹೋಗದಂತೆ ನೋಡಿಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕ್ಷಾರ ಇಳಿಸಲು ಸಂಡಾಸಿನ ಆಸಿಡ್ ಸುರಿಯಬೇಡಿ. ಕಟ್ಟೆಯ ಹಾಸು ಶಹಾಬಾದ್ ಫರ್ಸಿ ಆಗಿದ್ದರೆ ಅದು ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ಬುಸುಗುಟ್ಟಿ ತಿನ್ನಿಸಿಕೊಳ್ಳುತ್ತದೆ. ಅಲ್ಲೆಲ್ಲೋ ಬ್ಲೀಚಿಂಗ್ ಪುಡಿ ಬಿದ್ದಿದ್ದರೆ ಆಸಿಡ್ ಸೇರಿ ಕ್ಲೋರಿನ್ ಅನಿಲ ಏಳುತ್ತದೆ. ಪಿಎಚ್ ಒಂಬತ್ತಕ್ಕೂ ಮೇಲೆ ಇಳಿಯದೇ ನಿಂತರೆ ತಿಳಿದವರನ್ನು ಕರೆಯಿರಿ.

ಲಕ್ಷಣ 3: ನೀರು ಮುಂದಕ್ಕೆ ಹೋಗುವುದೇ ಇಲ್ಲ, ಒತ್ತಡ ಏರುತ್ತದೆ

ಡ್ರಮ್ಮಿನ ಹಿಂದೆ ಒಂದು, ಮುಂದೆ ಒಂದು ಗೇಜು ಇದ್ದರೆ ನೋಡುವುದು ಸುಲಭ. ಹೊಸ ಕ್ಲೇ ಹಾಕಿದ ದಿನ ಎರಡರ ವ್ಯತ್ಯಾಸ ಎಷ್ಟಿತ್ತು ಅಂತ ಡ್ರಮ್ಮಿನ ಮೇಲೇ ಬರೆದಿಡಿ. ಆ ಲೆಕ್ಕ ಇಲ್ಲದಿದ್ದರೆ ಇವತ್ತಿನ ಮುಳ್ಳು ಏನನ್ನೂ ಹೇಳಲ್ಲ.

ಮೆಲ್ಲಗೆ, ವಾರಗಟ್ಟಲೆ ಏರಿದರೆ ಹೂಳು ಕೂತಿದೆ ಅಥವಾ ಕ್ಲೇ ಎಣ್ಣೆ ಕುಡಿದು ಉಬ್ಬಿದೆ. ನೀರನ್ನು ಉಲ್ಟಾ ದಿಕ್ಕಿನಲ್ಲಿ, ಹೊರ ಪೈಪಿನಿಂದ ಒಳಕ್ಕೆ ಬಿಟ್ಟು ಹತ್ತು ನಿಮಿಷ ತೊಳೆಯಿರಿ. ಹರಳು ಕೊಚ್ಚಿ ಹೋಗದಂತೆ ವಾಲ್ವ್ ಸ್ವಲ್ಪ ಸ್ವಲ್ಪವೇ ತೆರೆಯಿರಿ. ತೊಳೆದ ನೀರು ಮತ್ತೆ ಮೊದಲ ಗುಂಡಿಗೇ ಹೋಗಬೇಕು, ಚರಂಡಿಗಲ್ಲ. ಹೂಳಿನ ಗುಂಡಿ ಅರ್ಧ ತುಂಬಿದ್ದರೆ ಮೊದಲು ಅದನ್ನು ಮೇಲಿನಿಂದಲೇ ಸಲಿಕೆ ಹಾಕಿ ಎತ್ತಿ.

ಒಂದೆರಡು ದಿನದಲ್ಲೇ ಧಿಡೀರ್ ಅಂತ ಏರಿದರೆ ನಮ್ಮ ಜಿಲ್ಲೆಯಲ್ಲಿ ನಾನು ಮೊದಲು ಕೇಳುವ ಪ್ರಶ್ನೆ: ಸಿಮೆಂಟ್ ಗಾಡಿ ತೊಳೆದಿರಾ? ವಾಡಿ, ಸೇಡಂ ಕಡೆಯಿಂದ ಬರುವ ಬಲ್ಕರ್ ಲಾರಿಗಳ ಮೈಗೆ ಸಿಮೆಂಟ್ ಧೂಳು ಮೆತ್ತಿರುತ್ತದೆ. ಮೊದಲು ಹೇಳಿದ ಉಸ್ತಾದರ ಗ್ಯಾರೇಜಿನಲ್ಲಿ ಒಂದು ಸಲ ಮುಚ್ಚಳ ತೆಗೆದು ಕಬ್ಬಿಣದ ಸರಳು ಚುಚ್ಚಿದೆ. ಠಣ್ ಅಂದಿತು. ಇನ್ನೊಂದು ಕಡೆ ಚುಚ್ಚಿದೆ, ಅಲ್ಲೂ ಠಣ್. ಮೇಲಿನ ಅರ್ಧ ಅಡಿ ಪೂರಾ ಗಟ್ಟಿಯಾಗಿ ಬಿಲ್ಲೆ ಕಟ್ಟಿತ್ತು.

“ಏನ್ ಉಸ್ತಾದ್, ಡ್ರಮ್ಮಿನಾಗ ಸ್ಲ್ಯಾಬ್ ಹಾಕೀರೇನು?” ಅಂದೆ.

“ನಾ ಎಲ್ಲಿ ಹಾಕೀನ್ರಿ ಸರ್, ತಾನೇ ಹಾಕ್ಕೊಂಡದ,” ಅಂದರು. ಎಲ್ಲರೂ ನಕ್ಕೆವು, ಆದರೆ ಆ ಕ್ಲೇ ಪೂರಾ ಹೋಯಿತು.

ಸಿಮೆಂಟು ನೀರಿನ ಪಿಎಚ್ಚನ್ನು ಹನ್ನೆರಡರ ತನಕ ಒಯ್ಯುತ್ತದೆ. ಅಂದರೆ ಲಕ್ಷಣ 2 ಕೂಡ ಅದರ ಜೊತೆಗೇ ಬರುತ್ತದೆ. ಅಂಥ ಗಾಡಿಯನ್ನು ಮೊದಲು ಒಣ ಬ್ರಶ್ಶಿನಲ್ಲಿ ಉಜ್ಜಿ, ಧೂಳನ್ನು ಚೀಲಕ್ಕೆ ತುಂಬಿ, ಆಮೇಲೆ ನೀರು ಹಾಕಿ. ಬಿಲ್ಲೆ ತೆಳ್ಳಗಿದ್ದರೆ ಒಡೆದು ತೆಗೆದರೆ ಕೆಳಗಿನ ಕ್ಲೇ ಉಳಿಯುತ್ತದೆ. ಫರ್ಸಿ ಪಾಲಿಶ್ ಮಾಡುವ ಮಿಲ್ಲಿನ ಬಿಳಿ ರಾಡಿ ಹೊತ್ತು ಬರುವ ಗಾಡಿಗಳೂ ಡ್ರಮ್ಮು ಮುಚ್ಚಿಸುತ್ತವೆ. ಅದು ಗಟ್ಟಿಯಾಗಲ್ಲ, ಹಿಟ್ಟಿನ ಹಾಗೆ ಕೂರುತ್ತದೆ, ತೊಳೆದರೆ ಹೋಗುತ್ತದೆ.

ಒತ್ತಡ ಏರಿದ ಡ್ರಮ್ಮಿಗೆ ದೊಡ್ಡ ಮೋಟರು ಕೂರಿಸಿ ನೂಕುವ ಯೋಚನೆ ಬೇಡ. ಸಾದಾ ಪ್ಲಾಸ್ಟಿಕ್ ಡ್ರಮ್ಮು ಒತ್ತಡಕ್ಕೆ ಮಾಡಿದ್ದಲ್ಲ. ಮುಚ್ಚಳ ಹಾರಿ ಮುಖಕ್ಕೆ ಬಡಿಯುತ್ತದೆ.

ಲಕ್ಷಣ 4: ಚರಂಡಿಯಲ್ಲಿ ನೊರೆ

ನೊರೆ ಶಾಂಪೂದ್ದೋ ಕ್ಲೇಯದ್ದೋ ತಿಳಿಯಲು ಸುಲಭ ದಾರಿ ಇದೆ. ತೊಳೆಯುವುದನ್ನು ನಿಲ್ಲಿಸಿ, ಬರೀ ಬೋರ್‌ವೆಲ್ ನೀರನ್ನು ಅರ್ಧ ಗಂಟೆ ಡ್ರಮ್ಮಿನ ಮೂಲಕ ಬಿಡಿ. ಆಮೇಲೆ ಹೊರಬಂದ ನೀರನ್ನು ಬಾಟಲಿಯಲ್ಲಿ ಕುಲುಕಿ. ನೊರೆ ಇಲ್ಲದಿದ್ದರೆ ಶಾಂಪೂ. ಈಗಲೂ ನೊರೆ ನಿಂತರೆ ಕ್ಲೇಯಿಂದಲೇ ಆ ಉದ್ದ ಬಾಲದ ರಾಸಾಯನಿಕ ಬಿಡುತ್ತಿದೆ. ತಯಾರಿಸುವಾಗ ಮಣ್ಣು ಹಿಡಿಯುವಷ್ಟಕ್ಕಿಂತ ಜಾಸ್ತಿ ಹಾಕಿ ಸರಿಯಾಗಿ ತೊಳೆಯದೇ ಇದ್ದರೆ ಹೀಗಾಗುತ್ತದೆ.

ಹೊಸ ಕ್ಲೇ ಮೊದಲ ದಿನ ಸ್ವಲ್ಪ ನೊರೆ ಕೊಡುವುದು ಸಹಜ. ಆ ನೀರನ್ನು ತೊಟ್ಟಿಗೇ ತಿರುಗಿಸಿ. ವಾರವಾದರೂ ನಿಲ್ಲದಿದ್ದರೆ ಮಾರಿದವರಿಗೆ ವಾಪಸ್ ಕೊಡಿ. ಇದನ್ನು ಸುಮ್ನೆ ನೊರೆ ಅಂತ ಬಿಡಬಾರದು. ಈ ರಾಸಾಯನಿಕ ಮೀನಿಗೆ ವಿಷ, ಹಳ್ಳ ಸೇರಬಾರದು. ನಿಮ್ಮಲ್ಲಿ ಮುಂದೆ ಬ್ಯಾಕ್ಟೀರಿಯಾದಿಂದ ನೀರು ಶುದ್ಧ ಮಾಡುವ ತೊಟ್ಟಿ ಇದ್ದರೆ ಆ ಬ್ಯಾಕ್ಟೀರಿಯಾವೂ ಸಾಯುತ್ತವೆ.

ಲಕ್ಷಣ 5: ನೀರು ಕನ್ನಡಿಯ ಹಾಗಿದೆ, ಲ್ಯಾಬ್ ವರದಿ ಮಾತ್ರ ಫೇಲ್

ಇದು ಎಲ್ಲರನ್ನೂ ದಿಕ್ಕು ತಪ್ಪಿಸುತ್ತದೆ. ನದಿ, ಹಳ್ಳಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಹೀಗಿದೆ: ಪಿಎಚ್ 5.5ರಿಂದ 9, ಎಣ್ಣೆ ಮತ್ತು ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕದಿಂದ ಸುಡಲು ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ) 250 ಮಿಲಿಗ್ರಾಂ, ತೇಲುವ ಕಣ 100 ಮಿಲಿಗ್ರಾಂ. ನಿಮಗೆ ಕೊಟ್ಟ ಪರವಾನಗಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ನಿಮಗೆ ಕಾನೂನು.

ಎಣ್ಣೆ ಪಾಸಾಗಿ ಸಿಒಡಿ ಮಾತ್ರ ಮೇಲಿದ್ದರೆ ಡ್ರಮ್ಮನ್ನು ಬಿಡಿ, ರೇಡಿಯೇಟರ್ ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿ. ಅದರಲ್ಲಿರುವುದು ಎಥಿಲೀನ್ ಗ್ಲೈಕಾಲ್. ಚಹಾದಲ್ಲಿ ಸಕ್ಕರೆ ಕರಗಿದ ಹಾಗೆ ನೀರಿನಲ್ಲಿ ಕರಗುತ್ತದೆ. ನೀರನ್ನು ಅಷ್ಟು ಇಷ್ಟಪಡುವ ವಸ್ತು ಕ್ಲೇಯ ಎಣ್ಣೆ ಬಾಲದ ಹತ್ತಿರ ಬರುವುದೇ ಇಲ್ಲ. ಅರ್ಧ ನೀರು ಬೆರೆಸಿದ ಒಂದೇ ಒಂದು ಲೀಟರ್ ಕೂಲೆಂಟ್ 2000 ಲೀಟರ್ ತೊಟ್ಟಿಗೆ ಬಿದ್ದರೆ ಸಿಒಡಿ ಸುಮಾರು 350 ಏರುತ್ತದೆ. ಮಿತಿಯೇ 250. ಹೊಸ ಕ್ಲೇ, ಹೊಸ ಕಾರ್ಬನ್ ಏನು ಹಾಕಿದರೂ ಇದು ಸರಿಹೋಗಲ್ಲ. ಕೂಲೆಂಟಿಗೆ ಬೇರೆ ಡಬ್ಬ ಇಡುವುದೊಂದೇ ದಾರಿ. ಆ ಡಬ್ಬಕ್ಕೆ ಮುಚ್ಚಳ ಇರಲಿ. ಗ್ಲೈಕಾಲ್ ರುಚಿ ಸಿಹಿ, ಆದರೆ ವಿಷ. ನಾಯಿ, ಆಡು ನೆಕ್ಕಿ ಸಾಯುತ್ತವೆ. ಖಾಲಿ ಕೂಲ್‌ಡ್ರಿಂಕ್ ಬಾಟಲಿಗೆ ತುಂಬಿಡುವುದು ಮಕ್ಕಳ ಜೀವಕ್ಕೇ ಅಪಾಯ.

ಎಣ್ಣೆಯ ಅಂಕಿಯ ಮೇಲೇ ಅನುಮಾನ ಬಂದರೆ ಮಾದರಿ ಹೇಗೆ ತೆಗೆದಿರಿ ಅಂತ ನೆನಪಿಸಿಕೊಳ್ಳಿ. ಬಿಸ್ಲೇರಿಯಂಥ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಟ್ಟರೆ ಎಣ್ಣೆ ಗೋಡೆಗೆ ಅಂಟಿ ಅಂಕಿ ಕಡಿಮೆ ಬರುತ್ತದೆ. ಅಗಲ ಬಾಯಿಯ ಗಾಜಿನ ಬಾಟಲಿಯನ್ನು ಲ್ಯಾಬಿನಿಂದಲೇ ತಗೊಳ್ಳಿ, ನೇರ ಪೈಪಿಗೆ ಹಿಡಿಯಿರಿ. ಬಕೆಟ್ಟಿಗೆ ಹಿಡಿದು ಬಾಟಲಿಗೆ ಸುರಿಯಬೇಡಿ.

ಲಕ್ಷಣ 6: ಹೊಸ ಚೀಲ ಹಾಕಿದ ದಿನದಿಂದಲೇ ಕೆಲಸವಿಲ್ಲ

ಚೀಲದಲ್ಲಿ ಆರ್ಗಾನೋಕ್ಲೇಯೇ ಇದೆಯಾ ಅಂತ ನೋಡಬೇಕು. ಸಾದಾ ಬೆಂಟೊನೈಟ್ ಹರಳೂ ನೋಡಲು ಹಾಗೇ ಇರುತ್ತದೆ, ಬೆಲೆ ಬಹಳ ಕಡಿಮೆ.

ಎರಡು ಗಾಜಿನ ಲೋಟ ತನ್ನಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸ್ವಲ್ಪ ಡೀಸೆಲ್. ಕ್ಲೇ ಹರಳನ್ನು ಕುಟ್ಟಿ ಪುಡಿ ಮಾಡಿ, ಎರಡಕ್ಕೂ ಒಂದೊಂದು ಚಿಟಿಕೆ ಉದುರಿಸಿ. ಆರ್ಗಾನೋಕ್ಲೇ ಪುಡಿ ನೀರಿನ ಮೇಲೆ ಒಣಗಿದ ಹಾಗೇ ತೇಲುತ್ತದೆ. ಬೆರಳು ಅದ್ದಿದರೆ ಪುಡಿ ಬೆರಳಿನ ಸುತ್ತ ಸರಿದು ದಾರಿ ಬಿಡುತ್ತದೆ. ಡೀಸೆಲಿನಲ್ಲಿ ಮಾತ್ರ ನೆನೆದು ಮೆತ್ತಗೆ ಉಬ್ಬುತ್ತದೆ. ಸಾದಾ ಬೆಂಟೊನೈಟ್ ಇದಕ್ಕೆ ಪೂರಾ ಉಲ್ಟಾ. ನೀರಿನಲ್ಲಿ ಉಬ್ಬಿ ರಾಡಿಯಾಗುತ್ತದೆ, ಡೀಸೆಲಿನಲ್ಲಿ ಮರಳಿನ ಹಾಗೆ ತಳಕ್ಕೆ ಕೂರುತ್ತದೆ. ಈ ಪರೀಕ್ಷೆಯನ್ನು ದುಡ್ಡು ಕೊಡುವ ಮೊದಲು, ಮಾರುವವರ ಎದುರಿಗೇ ಮಾಡಿ. ಮಿಶ್ರಣದ ಚೀಲವಾದರೆ ಕಪ್ಪು ಕಲ್ಲಿದ್ದಲಿನ ಹರಳು ಬಿಟ್ಟು ಮಣ್ಣಿನ ಬಣ್ಣದ್ದನ್ನಷ್ಟೇ ಆರಿಸಿಕೊಳ್ಳಿ.

ಕೆಲವರು ಕ್ಲೇಯನ್ನು ತಾವೇ ಮಾಡುತ್ತೇವೆ ಅಂತ ಬೆಂಟೊನೈಟ್ ನೆನೆಸುತ್ತಾರೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಸೋಡಿಯಂ ಜಾಗಕ್ಕೆ ಬಂದು ಕೂತರೆ ಪದರ ಸರಿಯಾಗಿ ಬಿಚ್ಚಿಕೊಳ್ಳಲ್ಲ, ಮುಂದಿನ ಕೆಲಸವೆಲ್ಲ ಅರೆಬರೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಲಿ. ಗ್ಯಾರೇಜಿನಲ್ಲಿ ಬೇಡ.

ಬಟ್ಟೆಗೆ ಬಣ್ಣ ಹಾಕುವ ಅಂಗಡಿಯವರೂ ತಮ್ಮ ಬಣ್ಣದ ನೀರಿಗೆ ಯಾವ ಮಣ್ಣು ಬೇಕು ಅಂತ ಒಮ್ಮೊಮ್ಮೆ ಕೇಳುತ್ತಾರೆ. ಮೆಥಿಲೀನ್ ಬ್ಲೂನಂಥ ಪ್ಲಸ್ ಚಾರ್ಜಿನ ಬಣ್ಣವನ್ನು ಸಾದಾ ಬೆಂಟೊನೈಟೇ ಗಬಕ್ಕನೆ ಹಿಡಿಯುತ್ತದೆ. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಮೈನಸ್. ಅವಕ್ಕೆ ಮಾರ್ಪಡಿಸಿದ ಕ್ಲೇಯೇ ಬೇಕು. ಬಣ್ಣದ ಜಾತಿ ತಿಳಿಯದೆ ಮಣ್ಣು ಕೊಳ್ಳಬೇಡಿ.

ಲಕ್ಷಣ 7: ಕೊಳೆತ ಮೊಟ್ಟೆ ವಾಸನೆ

ಮೂರ್ನಾಲ್ಕು ದಿನ ರಜೆ ಇದ್ದು ಡ್ರಮ್ಮಿನಲ್ಲಿ ನೀರು ಹಾಗೇ ನಿಂತರೆ ನಮ್ಮ ಮೇ ತಿಂಗಳ ಬಿಸಿಲಿಗೆ ವಾಸನೆ ಬರದೇ ಇರುತ್ತದೆಯೇ? ದೂರ ನಿಂತು ಕೆಳಗಿನ ವಾಲ್ವ್ ತೆರೆದು ನೀರು ಮೊದಲ ಗುಂಡಿಗೆ ಇಳಿಸಿ, ಹೊಸ ನೀರು ಬಿಡಿ. ರಜೆಗೆ ಹೋಗುವ ಮೊದಲು ಡ್ರಮ್ಮು ಖಾಲಿ ಮಾಡಿ ಹೋಗಿ. ಡ್ರಮ್ಮಿಗೆ ನೆರಳು ಮಾಡಿದರೆ ಇನ್ನೂ ಛಲೋ. ತಲೆ ಸುತ್ತು, ಕಣ್ಣುರಿ ಬಂದರೆ ಎಲ್ಲರೂ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಹೋಗಿ. ಯಾರಾದರೂ ಗುಂಡಿಯ ಹತ್ತಿರ ಬಿದ್ದಿದ್ದರೂ ಯಾವ ಕಾರಣಕ್ಕೂ ನೀವು ಇಳಿಯಬೇಡಿ. 112ಕ್ಕೆ ಫೋನ್ ಮಾಡಿ.

ಎಲ್ಲಿಗೆ ಕೈ ನಿಲ್ಲಿಸಬೇಕು

ತೊಟ್ಟಿಯಿಂದ ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಸ್ವಿಚ್ಚು ಕೂಡ ಮುಟ್ಟದೆ ಹೊರಗೆ ಬನ್ನಿ. ಡ್ರಮ್ಮು ಉಬ್ಬಿದ್ದರೆ, ಮೋಟರಿನ ಮೈ ಶಾಕ್ ಹೊಡೆದರೆ, ಪಕ್ಕದ ಬಾವಿ ನೀರಿನಲ್ಲಿ ಎಣ್ಣೆ ಕಂಡರೆ ನೀವೇ ಸರಿಮಾಡಲು ಹೋಗಬೇಡಿ. ಕೊನೆಯದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ತಿಳಿಸಿ. ಮುಚ್ಚಿಟ್ಟರೆ ಆಮೇಲೆ ಜಾಸ್ತಿ ತೊಂದರೆ.

ತೆಗೆದ ಹಳೇ ಕ್ಲೇ

“ಹಿಂದಿನ ತಗ್ಗಿಗೆ ಹಾಕ್ಲೇನ್ರಿ? ಮಣ್ಣೇ ಅದಲ್ಲ?” ಅಂತ ಉಸ್ತಾದರು ಕೇಳಿದ್ದರು. ಆ ತಗ್ಗಿನ ಆಚೆ ತೊಗರಿ ಹೊಲ ಇತ್ತು, ಹೊಲದ ಬದುವಿಗೆ ಬೋರ್‌ವೆಲ್. ಎಣ್ಣೆ ಕುಡಿದ ಕ್ಲೇ ಈಗ ಮಣ್ಣಲ್ಲ, ಅಪಾಯಕಾರಿ ತ್ಯಾಜ್ಯ. 2016ರ ನಿಯಮದ ಪ್ರಕಾರ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಪರವಾನಗಿ ಇದ್ದವರಿಗೇ ಕೊಡಬೇಕು. ಇಟ್ಟಿಗೆ ಭಟ್ಟಿಗೆ, ಹೊಲಕ್ಕೆ, ರಸ್ತೆ ಗುಂಡಿಗೆ ಕೊಡಬೇಡಿ.

ಮುಚ್ಚಳವಿರುವ ಡ್ರಮ್ಮಿಗೆ ತುಂಬಿ, ಬಿಸಿಲು ಮಳೆ ತಾಗದ ಕಡೆ, ಸಿಮೆಂಟ್ ನೆಲದ ಮೇಲೆ ಇಡಿ. ಹೊರಗೆ ಬಿಳಿ ಪೇಂಟಿನಲ್ಲಿ ಮೂರು ಸಾಲು ಬರೆಯಿರಿ: ಒಳಗೇನಿದೆ, ತುಂಬಿದ ತಾರೀಖು, ಎಷ್ಟು ಕಿಲೋ. ಉಸ್ತಾದರ ಗ್ಯಾರೇಜಿನಲ್ಲಿ ಈಗ ಅಂಥ ಎರಡು ಡ್ರಮ್ಮು ಇವೆ. ಒಂದರಲ್ಲಿ ಎಣ್ಣೆ ಕ್ಲೇ, ಇನ್ನೊಂದರಲ್ಲಿ ಆ ಸ್ಲ್ಯಾಬಿನ ತುಂಡುಗಳು.